ಮೂಲ ಒಂದ, ತಿದ್ದಿದವರು ನಾಲ್ಕು ಮಂದಿ

"ಅವ್ವನ ವಹಿ ಪುಸ್ತಕ ಆಗೂದು ಎಲ್ಲಿಗೆ ಬಂತ್ರೀ?" ಅಂತ ಸಿಕ್ಕ ಸಿಕ್ಕಲ್ಲೆ ಕೇಳ್ತೀರಿ. "ತಿದ್ದೂದು ನಡದದ" ಅಂದ್ರ "ಇನ್ನೂನ?" ಅಂತ ನಗ್ತೀರಿ. ನಗ್ರಿ, ಬ್ಯಾಡನ್ನೂದಿಲ್ಲ. ಆದ್ರ ಅಡಗಿ ಬರಿಯೂದು ಸಸಾರ, ಬರದಿದ್ದನ್ನ ನಾಲ್ಕು ಮಂದಿ ನಾಲ್ಕು ಕಡೆ ಕೂತು ತಿದ್ದಿ ಕಳಿಸಿದಮ್ಯಾಲೆ ಅದನ್ನೆಲ್ಲಾ ಮತ್ತ ಒಂದರಾಗ ಕೂಡಸೂದು ಎಂಥಾ ಕೆಲಸ ಅನ್ನೂದು ಮಾಡಿದವರಿಗೇ ಗೊತ್ತು. ಒಮ್ಮೆ ಪೂರಾ ಬರದು ಹಾಕ್ತೀನಿ, ಆಮ್ಯಾಲೆ ಯಾರೂ ಕೇಳಬಾರದು.

ಅವ್ವನ ವಹಿ ನಿಮ್ಮೊಳಗ ಭಾಳ ಮಂದಿ ನೋಡೀರಿ. ಉದ್ದನ್ನ ಲೆಕ್ಕದ ವಹಿ, ಕೆಂಪು ರಟ್ಟು, ಎಣ್ಣಿ ಕಲಿ ಬಿದ್ದು ಕೆಲವು ಹಾಳಿ ಕನ್ನಡಿ ಹಂಗ ಆಗ್ಯಾವ. ಅದರಾಗ ಬರೇ ಅಡಗಿ ಇಲ್ಲ. ಹಬ್ಬಕ್ಕ ಏನೇನು ಬೇಕು, ಉಪ್ಪಿನಕಾಯಿ ಯಾವ ತಿಂಗಳು ಹಾಕಬೇಕು, ಬಾಣಂತಿಗೆ ಏನು ಕೊಡಬೇಕು, ಮದುವಿ ಮನಿಯೊಳಗ ಯಾವ ದಿನ ಯಾವ ಕೆಲಸ, ಎಲ್ಲಾ ಅದ. ಮಗಳ ಮದುವಿ ನಿಶ್ಚಯ ಆಗೂ ಮೊದಲೇ ಅದನ್ನ ಟೈಪ್ ಮಾಡಲಿಕ್ಕೆ ಹಿಡದಿದ್ದೆ. ಪಿಯುಸಿ ಆದಮ್ಯಾಲೆ ಆರು ತಿಂಗಳು ಟೈಪಿಂಗ್ ಕ್ಲಾಸಿಗೆ ಹೋಗಿದ್ದು ಮೂವತ್ತೈದು ವರ್ಷದ ಮ್ಯಾಲೆ ಉಪಯೋಗಕ್ಕ ಬಂತು ನೋಡ್ರಿ. ಎರಡು ಥಂಡಿಗಾಲ ಕೂತು ಬಡದೆ.

ನಾ ವರ್ಡಿನಾಗ ಟೈಪ್ ಮಾಡ್ತೀನಿ ಅಂದ್ರ ಮಗ ಕೇಳಲಿಲ್ಲ. "ಬ್ಯಾಡವಾ, ಸಾದಾ ಟೆಕ್ಸ್ಟಿನಾಗ ಮಾಡು" ಅಂದ. ಸಾದಾ ಟೆಕ್ಸ್ಟ್ ಅಂದ್ರ ಬರೇ ಅಕ್ಷರ. ದಪ್ಪ ಅಕ್ಷರ ಇಲ್ಲ, ಬಣ್ಣ ಇಲ್ಲ, ಫಾಂಟಿನ ಹಂಗಿಲ್ಲ. ತಲಿಬರಹ ಇದ್ರ ಸಾಲಿನ ಮುಂದ ಒಂದು ಗುರುತು ಇಟ್ರ ಮುಗೀತು. ಕಂಪ್ಯೂಟರ್ ಬದಲಿ ಆಗಲಿ, ಕಂಪನಿ ಮುಚ್ಚಿ ಹೋಗಲಿ, ಇನ್ನ ಇಪ್ಪತ್ತು ವರ್ಷ ಬಿಟ್ಟು ನೋಡಿದ್ರೂ ತಗೀತದ ಅಂತ ಅವನ ವಾದ. ಮೊದಲಿಗೆ ಅದು ನನಗ ಬೋಳು ಬೋಳು ಅನ್ನಿಸ್ತು. ಆಮ್ಯಾಲೆ ತಿಳೀತು, ಅದು ಹಿಟ್ಟು ನಾದಿ ಇಟ್ಟಂಗ. ಅದೇ ಹಿಟ್ಟಿಂದ ಚಪಾತಿ ಲಟ್ಟಿಸಬಹುದು, ಪೂರಿ ಕರೀಬಹುದು. ಪ್ಯಾಂಡಾಕ್ ಅಂತ ಒಂದು ಪ್ರೋಗ್ರಾಮ್ ಅದ, ರೊಕ್ಕಾ ಕೊಡೂದಿಲ್ಲ. ನಮ್ಮ ಟೆಕ್ಸ್ಟ್ ಅದರ ಕೈಯಾಗ ಕೊಟ್ರ ವರ್ಡ್ ಕಡತನೂ ಮಾಡ್ತದ, ಪುಸ್ತಕದ ಪುಟನೂ ಮಾಡ್ತದ, ಫೋನಿನಾಗ ಓದೂ ಹಂಗನೂ ಮಾಡ್ತದ. ಅದನ್ನ 2006ರಾಗ ಶುರು ಮಾಡಿದವರು ಅಮೆರಿಕಾದ ಬರ್ಕ್ಲಿಯೊಳಗ ತತ್ವಶಾಸ್ತ್ರ ಕಲಿಸೂ ಪ್ರೊಫೆಸರ್, ಜಾನ್ ಮ್ಯಾಕ್‌ಫಾರ್ಲೇನ್ ಅಂತ. ತತ್ವಶಾಸ್ತ್ರದವರಿಗೂ ಇಂಥಾ ಮನಿಗೆಲಸ ಇರ್ತಾವಂತ ನನಗ ಗೊತ್ತಿರಲಿಲ್ಲ.

ತೊಂದರಿ ಏನಂದ್ರ, ಹಿಟ್ಟಿಂದ ಚಪಾತಿ ಆಗ್ತದ, ಚಪಾತಿಯಿಂದ ಹಿಟ್ಟು ಆಗೂದಿಲ್ಲ. ನಮ್ಮ ಮಂದಿಗೆ ಟೆಕ್ಸ್ಟ್ ಕಡತ ಕಳಿಸಿದ್ರ ಯಾರೂ ಮುಟ್ಟೂದಿಲ್ಲ. ಅದಕ್ಕ ಒಬ್ಬೊಬ್ಬರಿಗೆ ಒಂದೊಂದು ನಮೂನಿ ಮಾಡಿ ಕಳಿಸಿದೆ. ಡಲ್ಲಾಸಿನಾಗಿರೂ ಅಣ್ಣನ ಮಗಳಿಗೆ ವರ್ಡ್ ಕಡತ. ಬೆಳಗಾವಿ ವೈನಿಗೂ ವರ್ಡ್. ಬೆಂಗಳೂರಿನ ನೆಗೆಣ್ಣಿಗೂ ಅದೇ. ಗದಗಿನ ಮೌಶಿಗೆ ಎಂಬತ್ತೆರಡು, ಕಣ್ಣು ಮಂದ, ಅವರಿಗೆ ದೊಡ್ಡ ಅಕ್ಷರದಾಗ ಪ್ರಿಂಟ್ ತಗಿಸಿ ನೂಲಿಂದ ಹೊಲದು ಕೊಟ್ಟು ಬಂದೆ. ಒಂದು ತಿಂಗಳ ಮಾತು, ತಿದ್ದಿ ಕಳಸ್ರಿ ಅಂದೆ.

ಬಂತು ನೋಡ್ರಿ. ಅಣ್ಣನ ಮಗಳದು ಅಗದೀ ನೀಟು. ವರ್ಡಿನಾಗ ಬದಲಾವಣಿ ತೋರಸೂ ವ್ಯವಸ್ಥಾ ಇರ್ತದಲ್ಲಾ, ಅದನ್ನ ಚಾಲೂ ಮಾಡಿ ತಿದ್ಯಾಳ. ಹಾಕಿದ್ದು ಕೆಂಪಗ, ತಗದಿದ್ದಕ್ಕ ಅಡ್ಡ ಗೆರಿ, ಬಾಜೂಕ ಟಿಪ್ಪಣಿ. ವೈನಿದು ಅದೇ ವರ್ಡ್, ಆದ್ರ ಆ ವ್ಯವಸ್ಥಾ ಬಂದ್. ಎಲ್ಲಿ ತಿದ್ಯಾರಂತ ಹುಡುಕೂದು ಅಕ್ಕಿಯೊಳಗ ಬಿಳಿ ಹರಳು ಹುಡುಕಿದಂಗ. ಮ್ಯಾಲಿಂದ ಹದಿನೇಳು ವಾಟ್ಸಾಪ್ ಮೆಸೇಜು, "ಅದು ಹಂಗಲ್ಲ, ನಾ ನಿನ್ನಿ ಹೇಳಿದ್ದು ಬಿಡು" ಅಂತ. ನೆಗೆಣ್ಣಿದು ಇನ್ನೊಂದು ತರಾ. ಅಕಿ ಮೊದಲು ಡಿಟಿಪಿ ಅಂಗಡಿಯೊಳಗ ಕೆಲಸ ಮಾಡಿದಾಕಿ, ಹಳೇ ನುಡಿ ಫಾಂಟಿನ ಕೈ. ಅಕಿ ಸೇರಿಸಿದ್ದನ್ನ ನನ್ನ ಟೆಕ್ಸ್ಟಿನಾಗ ಹಾಕಿದ್ರ ಕನ್ನಡ ಹೋಗಿ ಬರೇ ಇಂಗ್ಲಿಷ್ ಅಕ್ಷರದ ಭೇಲ್‌ಪುರಿ. ಹಳೇ ನುಡಿ, ಹಳೇ ಬರಹ ಇವೆಲ್ಲಾ ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡದ ಚಿತ್ರ ಕೂಡಿಸಿ ತೋರಿಸ್ತಿದ್ದುವು, ಫಾಂಟ್ ತಗದ್ರ ಕನ್ನಡನೂ ಹೋತು. ಯೂನಿಕೋಡಿನಾಗ ಕನ್ನಡಕ್ಕ ತಂದ ಸ್ವಂತ ಜಾಗಾ ಅದ, 1991ರ ಮೊದಲನೇ ಆವೃತ್ತಿಯಿಂದನ. ಹಳೇದನ್ನ ಹೊಸಾದಕ್ಕ ತಿರುಗಿಸೂ ಪ್ರೋಗ್ರಾಮ್ ಸಿಗ್ತಾವ, ಆದ್ರ ತಿರುಗಿಸಿದಮ್ಯಾಲೆ ಒತ್ತಕ್ಷರ ಒಂದೊಂದೇ ಕಣ್ಣಿಲೆ ನೋಡಲಿಕ್ಕೇ ಬೇಕು.

ಮೌಶಿಯ ಪ್ರಿಂಟ್ ಎಲ್ಲಾರಕಿಂತಾ ಕಡೀಗೆ ಬಂತು. ಗದಗಿನಿಂದ ಬರೂ ಪೈಕಿಯವರ ಕೈಯಾಗ ಕಳಿಸಿದ್ರು, ಚೀಲದಾಗ ಒಂದು ಡಬ್ಬಿ ಗುರೆಳ್ಳು ಚಟ್ನಿ, ಕೆಳಗ ಹಾಳಿ. ನೀಲಿ ಬಾಲ್‌ಪೆನ್ನು, ನಡುಗೂ ಅಕ್ಷರ, ಕೆಲವು ಕಡೆ ಸಾಲು ಬಿಟ್ಟು ಸಾಲಿನ ಮ್ಯಾಲೆ ಬರದಾರ. ಓದಲಿಕ್ಕೆ ಮೂರು ದಿನ ಬೇಕಾತು.

ಈಗ ಕೂಡಸೂದು. ಇದರಾಗ ಒಂದು ಮಾತು ಎಲ್ಲಾರೂ ನೆನಪಿಟ್ಟುಕೊಳ್ರಿ, ಸಂಘದ ವರದಿ ಬರೀತೀರಿ, ಭಜನಿ ಮಂಡಳಿ ಹಾಡಿನ ಯಾದಿ ಮಾಡ್ತೀರಿ, ನಿಮಗೂ ಬೇಕಾಗ್ತದ. ತಿದ್ದಲಿಕ್ಕೆ ಕಳಿಸಿದ ದಿನದ ಪ್ರತಿ ಇರ್ತದಲ್ಲಾ, ಅದನ್ನ ಹಂಗೇ ತಗದು ಬ್ಯಾರೆ ಇಡಬೇಕು, ಹೆಸರಿನಾಗ ತಾರೀಖು ಹಾಕಿ. ಅದನ್ನ ಮುಟ್ಟಬಾರದು. ಯಾಕಂದ್ರ ಅವರು ತಿದ್ದೂ ತಿಂಗಳೊಳಗ ನಾನೂ ಸುಮ್ಮನ ಕೂತಿರೂದಿಲ್ಲ, ನನ್ನ ಪ್ರತಿನೂ ಮುಂದ ಹೋಗಿರ್ತದ. ಈಗ ನನ್ನ ಪ್ರತಿ ಮತ್ತ ವೈನಿ ಪ್ರತಿ ಎರಡ ಇಟ್ಟು ನೋಡಿದ್ರ, ಒಂದು ಸಾಲು ಇಲ್ಲಿ ಅದ, ಅಲ್ಲಿ ಇಲ್ಲ ಅಂದ್ರ, ಅದನ್ನ ನಾ ಹೊಸದಾಗಿ ಸೇರಿಸಿದ್ದೋ, ವೈನಿ ತಗದಿದ್ದೋ? ಎರಡರಿಂದ ತಿಳಿಯೂದಿಲ್ಲ. ಮೂಲ ಪ್ರತಿ ಮೂರನೇದು ನಡುವ ಇಟ್ರ ತಟ್ಟನ ತಿಳೀತದ. ಮೂಲದಾಗ ಇದ್ರ ವೈನಿ ತಗದಾರ, ಮೂಲದಾಗ ಇಲ್ಲಂದ್ರ ನಾ ಹಾಕೀನಿ. ಇಬ್ಬರು ಹೇಳೂ ಜಗಳಕ್ಕ ಮೂರನೇದವರು ಸಾಕ್ಷಿ ಬೇಕಲ್ಲಾ, ಹಂಗ.

ಇದನ್ನ ಕಣ್ಣಿಲೆ ಮಾಡೂದು ಬ್ಯಾಡ. ಎರಡು ಕಡತದಾಗಿನ ಫರಕು ಸಾಲು ಸಾಲು ತೋರಸೂ ಡಿಫ್ ಅಂತ ಪ್ರೋಗ್ರಾಮ್ 1974ರಿಂದನ ಅದ, ಅಮೆರಿಕಾದ ಬೆಲ್ ಲ್ಯಾಬಿನಾಗ ಮಾಡಿದ್ದು. ನಾ ವಾಪರಸೂದು ಮೆಲ್ಡ್ ಅಂತ, ಮೂರು ಕಡತ ಮೂರು ಕಿಡಕಿಯೊಳಗ ಬಾಜೂ ಬಾಜೂ ಇಟ್ಟು ಫರಕಿಗೆ ಬಣ್ಣ ಹಚ್ಚಿ ತೋರಸ್ತದ. ಒಬ್ಬರ ತಿದ್ದಿದ ಜಾಗಾ ಇದ್ರ ಬಾಣ ಒತ್ತಿದ್ರ ಒಳಗ ಬಂತು. ಇಬ್ಬರೂ ಒಂದೇ ಸಾಲಿಗೆ ಕೈ ಹಚ್ಚಿದ್ರ ಮಾತ್ರ ಅದು ನಿಂತು ಬಿಡ್ತದ, ನೀವ ಹೇಳ್ರಿ ಅಂತದ. ಮಗ ಗಿಟ್ ಅಂತ ದೊಡ್ಡ ಹತಾರ ವಾಪರಸ್ತಾನ, ಲಿನಸ್ ಟೊರ್ವಾಲ್ಡ್ಸ್ 2005ರಾಗ ಮಾಡಿದ್ದು, ಜಗತ್ತಿನ ಪ್ರೋಗ್ರಾಮ್ ಬರಿಯೂ ಮಂದಿಯೆಲ್ಲಾ ಅದರ ಮ್ಯಾಲೇ ನಡದಾರಂತ. ಅದೂ ಹಂಗೇ, ಇಬ್ಬರ ಮಾತು ಕೂಡದಿದ್ರ ಎರಡೂ ಮಾತನ್ನ ಕಡತದಾಗೇ ಇಟ್ಟು ಮ್ಯಾಲೆ ಕೆಳಗ ಏಳೇಳು ಬಾಣದ ಗುರುತು, ನಡುವ ಏಳು ಬರೋಬ್ಬರಿ ಚಿಹ್ನಾ ಹಾಕಿ ಬಿಡ್ತದ. ತಾ ನಿರ್ಣಯ ಮಾಡೂದಿಲ್ಲ. ಇದು ನನಗ ಭಾಳ ಸೇರ್ತು. ಎಷ್ಟೋ ಮನಿಯೊಳಗಿನ ಹಿರಿಯರಿಗೆ ಇಷ್ಟು ಸಮಾಧಾನ ಇರೂದಿಲ್ಲ.

ಡಿಫ್ ಸಾಲಿನ ಲೆಕ್ಕದಾಗ ನೋಡ್ತದ. ಅದಕ್ಕ ಒಂದು ವಾಕ್ಯಕ್ಕ ಒಂದು ಸಾಲು ಅಂತ ಮೊದಲಿಂದನ ಬರೀಬೇಕು. ಉದ್ದಕ್ಕ ಒಂದು ಪ್ಯಾರಾ ಪೂರಾ ಒಂದೇ ಸಾಲಿನಾಗ ಇದ್ರ, ವೈನಿ ಉಪ್ಪು ತಿದ್ದಿ ಮೌಶಿ ಇಂಗು ತಿದ್ದಿದ್ರೂ ಜಗಳ ಬಂತು ಅಂತದ. ವಾಕ್ಯ ಬ್ಯಾರೆ ಬ್ಯಾರೆ ಸಾಲಿನಾಗ ಇದ್ರ ಉಪ್ಪು ಉಪ್ಪಿನ ಜಾಗಾಕ್ಕ, ಇಂಗು ಇಂಗಿನ ಜಾಗಾಕ್ಕ ಕೂತುಕೊಳ್ತಾವ. ಪುಸ್ತಕ ಮಾಡೂ ಮುಂದ ಪ್ಯಾಂಡಾಕ್ ಆ ಸಾಲೆಲ್ಲಾ ಕೂಡಿಸಿ ಪ್ಯಾರಾ ಮಾಡ್ತದ, ಓದವರಿಗೆ ಏನೂ ಗೊತ್ತಾಗೂದಿಲ್ಲ.

ಇಷ್ಟೆಲ್ಲಾ ಮಾಡಿದರೂ ಮೊದಲನೇ ದಿನ ವೈನಿ ಪ್ರತಿ ಇಟ್ಟು ನೋಡಿದ್ರ ಪರದಾ ತುಂಬ ಬಣ್ಣ. ಎರಡು ಸಾವಿರದ ಮ್ಯಾಲೆ ಸಾಲು ಅದಾವ, ಒಂದೂ ಬಿಟ್ಟಿಲ್ಲ! ನಾ ಘಾಬರಿ ಆದೆ, ವೈನಿ ಅವ್ವನ ವಹಿ ಪೂರಾ ಹೊಸದಾಗಿ ಬರದ್ರೇನು ಅಂತ. ಮಗ ನೋಡಿ ನಕ್ಕ. ವಿಂಡೋಸ್ ಕಂಪ್ಯೂಟರಿನಾಗ ಸಾಲು ಮುಗಿದಲ್ಲೆ ಕಣ್ಣಿಗೆ ಕಾಣದ ಎರಡು ಗುರುತು ಇರ್ತಾವಂತ, ನಮ್ಮ ಲಿನಕ್ಸಿನಾಗ ಒಂದ ಇರ್ತದಂತ. ಆ ಒಂದು ಗುರುತಿಗೆ ಎಲ್ಲಾ ಸಾಲೂ ಬ್ಯಾರೆ ಅಂತ ಹೇಳಿತ್ತು. ಅದನ್ನ ತಗದ್ರ ಉಳದವು ನಾಲ್ಕುನೂರು. ಅದರಾಗೂ ಅರ್ಧ ವೈನಿದಲ್ಲ, ವರ್ಡಿಂದು. ನೆಟ್ಟಗ ಇದ್ದ ಉದ್ಧರಣ ಚಿಹ್ನಾ ಎಲ್ಲಾ ಡೊಂಕು ಮಾಡಿತ್ತು. ಒಂದು ಗೆರಿ ಎರಡು ಅಂತ ಬರದ ಅರ್ಧ ಚಮಚಾವನ್ನ ಒಂದೇ ಅಕ್ಷರದ ಸಣ್ಣ ಅರ್ಧ ಮಾಡಿತ್ತು. ಅಡಗಿ ಪುಸ್ತಕದಾಗ ಅರ್ಧ ಚಮಚಾ ಎಷ್ಟು ಕಡೆ ಬರ್ತದ ಹೇಳ್ರಿ?

ಇನ್ನ ನಮ್ಮ ಕನ್ನಡದ್ದ ಬ್ಯಾರೆ ಮಜಾ. ಹೋಳಗಿಯ "ಹೋ" ಎರಡು ತರಾ ಟೈಪ್ ಆಗ್ತದಂತ. ಒಂದು, ಓ ಗುಣಿತ ಪೂರಾ ಒಂದೇ ತುಂಡು. ಇನ್ನೊಂದು, ಎತ್ವ, ಕೊಂಬು, ದೀರ್ಘ ಅಂತ ಬಿಡಿ ಬಿಡಿ. ಕಣ್ಣಿಗೆ ಎರಡೂ ಹೋಳಗಿನ, ಕಂಪ್ಯೂಟರಿಗೆ ಎರಡೂ ಬ್ಯಾರೆ. ಇದನ್ನ ಒಂದ ತರಾ ಮಾಡೂ ಯೂನಿಕೋಡಿನ ನಿಯಮ ಅದ, ಮಗ ಒಂದು ಸಣ್ಣ ಪ್ರೋಗ್ರಾಮ್ ಬರದು ಕೊಟ್ಟಾನ, ಯಾರ ಪ್ರತಿ ಬಂದ್ರೂ ಮೊದಲು ಅದರಾಗ ಹಾಯಿಸಿನೇ ಒಳಗ ತಗೋತೀನಿ, ಹಿಟ್ಟು ಜರಡಿ ಹಿಡದಂಗ. ಆದ್ರ ಆ ಜರಡಿಗೂ ಸಿಗದ್ದು ಒಂದಿತ್ತು. ನೆಗೆಣ್ಣಿ ಸೊನ್ನಿ ಹಾಕೂ ಕಡೆಯೆಲ್ಲಾ ಕನ್ನಡ ಅಂಕಿಯ ಸೊನ್ನಿ ಹಾಕಿದ್ಲು. ಇಂಗಿನ ಸೊನ್ನಿನೂ ಅಂಕಿ, ಶೇಂಗಾದ ಸೊನ್ನಿನೂ ಅಂಕಿ. ನೋಡಿದ್ರ ಏನೂ ಫರಕಿಲ್ಲ. ಶೇಂಗಾ ಅಂತ ಹುಡುಕಿದ್ರ ಮಾತ್ರ ಅಕಿ ಬರದ ಒಂದೂ ಶೇಂಗಾ ಸಿಗೂದಿಲ್ಲ. ಅದನ್ನ ನಾನ ಹಿಡದೆ, ಮಗ ಅಲ್ಲ. ಇಷ್ಟು ಹೇಳಲಿಕ್ಕೇ ಬೇಕು.

ಹಿಂಗ ಜಳ್ಳು ಹೋಗಿ ಕಾಳು ಉಳದಮ್ಯಾಲೆ ನಾಲ್ಕೂ ಮಂದಿದು ಕೂಡಿ ಖರೇ ತಿದ್ದಿದ್ದು ನೂರಾ ಎಂಬತ್ತರ ಸನೇಕ. ಅದರಾಗ ಒಬ್ಬರ ಮಾತು ಒಬ್ಬರಿಗೆ ತಾಗಿದ್ದು ಇಪ್ಪತ್ತಮೂರು.

ಹೆಚ್ಚಿನವು ಸಣ್ಣವು. ನೆಗೆಣ್ಣಿ ಬ್ಯಾಳಿ ಇದ್ದಲ್ಲೆಲ್ಲಾ ಬೇಳೆ ಮಾಡಿದ್ಲು, ಹೋಳಗಿ ಇದ್ದಲ್ಲೆ ಒಬ್ಬಟ್ಟು. ವೈನಿ ಉಳ್ಳಾಗಡ್ಡಿ ಇದ್ದಲ್ಲೆ ಕಾಂದಾ. ಬೆಳಗಾವಿ ಗಾಳಿ. ಇಬ್ಬರಿಗೂ ಕೈ ಮುಗದು ಅವ್ವನ ಮಾತು ಹಂಗೇ ಇಟ್ಟೆ. ಪುಸ್ತಕ ಅವ್ವನದು, ಅವ್ವ ಒಬ್ಬಟ್ಟು ಅನ್ನಲಿಲ್ಲ. ನೆಗೆಣ್ಣಿಗೆ ಸ್ವಲ್ಪ ಸಿಟ್ಟು ಬಂತು, "ಬೆಂಗಳೂರಿನಾಗ ಯಾರಿಗೂ ತಿಳಿಯೂದಿಲ್ಲ ಅಕ್ಕಾ" ಅಂದ್ಲು. ತಿಳೀಲಿಲ್ಲಂದ್ರ ಕೇಳ್ತಾರ ಅಂದೆ.

ಸೇರಿನ ಜಗಳ ಸ್ವಲ್ಪ ದೊಡ್ಡದು. ಹೋಳಗಿ ಪುಟದಾಗ ಅವ್ವ ಬರದಿದ್ದು, ಕಡ್ಲಿಬ್ಯಾಳಿ ಒಂದು ಸೇರು, ಬೆಲ್ಲ ಒಂದು ಸೇರು ಅಂತ. ಅಣ್ಣನ ಮಗಳು ಎರಡನ್ನೂ 933 ಗ್ರಾಂ ಮಾಡ್ಯಾಳ. ತೂಕದ ಸರ್ಕಾರಿ ಸೇರು 80 ತೊಲಿ, ಅಂದ್ರ 933 ಗ್ರಾಂ, ಅಕಿ ಲೆಕ್ಕ ತಪ್ಪಲ್ಲ. ಅದೇ ಸಾಲಿಗೆ ವೈನಿ ನಾಲ್ಕು ಪಾವು ಅಂತ ಹಾಕ್ಯಾರ, ಅಂದ್ರ ಅಳತಿ ಸೇರು. ಯಾರದು ಖರೇ? ಅಟ್ಟದ ಮ್ಯಾಲಿಂದ ಅವ್ವನ ಹಿತ್ತಾಳಿ ಸೇರು ಇಳಿಸಿ, ಹುಣಸಿಹಣ್ಣು ಹಚ್ಚಿ ತೊಳದು, ಕಡ್ಲಿಬ್ಯಾಳಿ ತುಂಬಿ ಮ್ಯಾಲೆ ಕೈಯಿಂದ ಸವರಿ ತಕ್ಕಡಿಗೆ ಹಾಕಿದೆ. 860 ಗ್ರಾಂ. ಪುಡಿ ಮಾಡಿದ ಬೆಲ್ಲ ಅದೇ ಸೇರಿನಾಗ ಬ್ಯಾರೇನ ತೂಗ್ತು, ಒತ್ತಿ ತುಂಬಿದ್ರ ಒಂದು, ಸಡಲ ತುಂಬಿದ್ರ ಒಂದು. ಅವ್ವನ ಮನಿಯೊಳಗ ಅಳತಿ ಸೇರ ಇತ್ತು, ತಕ್ಕಡಿ ಇರಲೇ ಇಲ್ಲ. ಸೇರು ಸೇರಾಗೇ ಉಳೀತು, ಕೆಳಗ ಗ್ರಾಂ ಲೆಕ್ಕ ನಾ ತೂಗಿ ನೋಡಿದ್ದು ಹಾಕಿದೆ. ಇಬ್ಬರೂ ಒಪ್ಪಿದ್ರು.

ಈಗ ಮದುವಿ ಪುಟಕ್ಕ ಬರ್ತೀನಿ. ಇದನ್ನ ಬರೀಬೇಕೋ ಬ್ಯಾಡೋ ಅಂತ ಎಂಟು ದಿನ ವಿಚಾರ ಮಾಡೀನಿ. ಮೌಶಿ ಬರಿ ಅಂದಾರ, ಅದಕ್ಕ ಬರೀತೀನಿ.

ಅರಿಶಿಣ ಕುಟ್ಟೂ ಕೆಲಸದ ಬಗ್ಗೆ ಅವ್ವನ ವಹಿಯೊಳಗ ಎರಡು ವಾಕ್ಯ ಅದಾವ. ಅರಿಶಿಣ ಕುಟ್ಟಲಿಕ್ಕೆ ಐದು ಮಂದಿ ಮುತ್ತೈದ್ಯಾರು ಬೇಕು. ಉಳದವರು ಒನಕಿ ಮುಟ್ಟಬಾರದು. ಅಷ್ಟ. ಉಳದವರು ಅಂದ್ರ ಯಾರಂತ ಬಿಡಿಸಿ ಹೇಳೂದು ಬ್ಯಾಡ, ಎಲ್ಲಾರ ಮನಿಯೊಳಗೂ ಇದ್ರು. ನಮ್ಮ ಮನಿಯೊಳಗ ಮೌಶಿ. ಇಪ್ಪತ್ತಾರಕ್ಕ ಕಾಕಾ ಹೋದರು. ಆಮ್ಯಾಲೆ ಯಾವ ಮದುವಿಯೊಳಗೂ ಮೌಶಿ ಪಡಸಾಲಿಗೆ ಬಂದು ಕೂತಿದ್ದು ನಾ ಕಂಡಿಲ್ಲ. ಹಿತ್ತಲದಾಗ ಕಾಯಿಪಲ್ಲೆ ಹೆಚ್ಚಿಕೋತ ಇರತಿದ್ರು. ಇನ್ನೂರು ಮಂದಿ ಅಡಗಿ ಲೆಕ್ಕ ಅವರ ತಲಿಯೊಳಗ, ಮಂದಿ ಮುಂದ ಮಾತ್ರ ಅವರಿಲ್ಲ.

ಆ ಎರಡು ವಾಕ್ಯಕ್ಕ ಮೂರು ಮಂದಿ ಕೈ ಹಚ್ಯಾರ. ವೈನಿ ಮೊದಲನೇದನ್ನ ತಿದ್ದಿ ಐದು ಇಲ್ಲಾ ಒಂಬತ್ತು ಮಂದಿ ಅಂತ ಮಾಡಿ, ಎರಡನೇದನ್ನ ಹಂಗೇ ಬಿಟ್ಟಾರ. ಅಣ್ಣನ ಮಗಳು ಎರಡನೇದನ್ನ ಪೂರಾ ತಗದಾಳ. ಬಾಜೂಕ ಟಿಪ್ಪಣಿ, "ಅತ್ತೀ, ಇದನ್ನ ದಯವಿಟ್ಟು ತಗೀರಿ. ಈ ಪುಸ್ತಕ ನಾ ನನ್ನ ಮಗಳಿಗೆ ಓದಿ ಹೇಳೂದದ" ಅಂತ. ಇಲ್ಲೊಂದು ಮಾತು. ವರ್ಡ್ ಕಡತವನ್ನ ಪ್ಯಾಂಡಾಕ್ ಟೆಕ್ಸ್ಟ್ ಮಾಡೂ ಮುಂದ, ಏನೂ ಹೇಳದೆ ಬಿಟ್ರ, ಹಾಕಿದ್ದೆಲ್ಲಾ ಒಪ್ಪಿಕೊಂಡು, ತಗದಿದ್ದೆಲ್ಲಾ ತಗದು, ಟಿಪ್ಪಣಿನೂ ಬಿಟ್ಟು ಸ್ವಚ್ಛ ಮಾಡಿ ಕೊಡ್ತದ. ಎಲ್ಲಾ ತೋರಿಸು ಅಂತ ಬಿಡಿಸಿ ಹೇಳಬೇಕು. ಹೇಳಿದ್ರ ಯಾರು, ಯಾವ ತಾರೀಖು, ಎಷ್ಟು ಗಂಟೆಗೆ ಏನು ತಗದ್ರು, ಏನು ಹಾಕಿದ್ರು ಅಂತ ಹೆಸರಿನ ಸುದ್ದಾ ಇಡ್ತದ. ಮಗ ಮೊದಲೇ ಹಂಗ ಮಾಡಿ ಇಟ್ಟಿದ್ದ. ಅದಕ್ಕೇ ಅಕಿ ಟಿಪ್ಪಣಿ ನನ್ನ ಕಣ್ಣಿಗೆ ಬಿತ್ತು. ನಾನೂ ಒಪ್ಪಿದ್ದೆ. ಬಾಣ ಒತ್ತಿ ಒಳಗ ತಗೋಳೂದಿತ್ತು, ಮೌಶಿ ಹಾಳಿ ಇನ್ನೂ ಬಂದಿಲ್ಲ, ಎಲ್ಲಾರದೂ ಕೂಡೇ ನೋಡೂಣು ಅಂತ ಇಟ್ಟಿದ್ದೆ.

ಮೌಶಿ ಹಾಳಿಯೊಳಗ ಆ ಎರಡನೇ ವಾಕ್ಯದ ಕೆಳಗ, ಪುಟದ ಅಂಚಿನ ತನಕಾ ನೀಲಿ ಅಕ್ಷರ. ನಾ ಅವರ ಹೆಸರಿನ ಪ್ರತಿಯೊಳಗ ಬರದಿದ್ದನ್ನ ಬರದಂಗ ಟೈಪ್ ಮಾಡಿದೆ. "ಪದ್ಧತಿ ಹಿಂಗ ಇದ್ದದ್ದು ಖರೇ. ಆದ್ರ ಅಕ್ಕ ತನ್ನ ಮಗಳ ಮದುವಿಯಾಗ ಮುತ್ತೈದ್ಯಾರೆಲ್ಲಾ ಕುಟ್ಟಿ ಹೋದಮ್ಯಾಲೆ ಅಡಗಿಮನಿ ಕದಾ ಹಾಕಿ ನನ್ನ ಕೈಯಾಗ ಒನಕಿ ಕೊಟ್ಲು. ನಾ ಮೂರು ಏಟು ಹಾಕೀನಿ. ಅದೇ ಅರಿಶಿಣ ಹುಡುಗಿಗೆ ಹಚ್ಯಾರ."

ಅವ್ವಗ ನಾ ಒಬ್ಬಾಕೀನ ಮಗಳು. ಆ ಹುಡುಗಿ ನಾನು. 1991ರಾಗ ಆದ ಮದುವಿ. ಅವ್ವ ತೀರಿಕೊಂಡು ಹನ್ನೆರಡು ವರ್ಷ ಆತು, ಒಂದು ದಿನ ಬಾಯಿ ಬಿಟ್ಟಿಲ್ಲ. ಮೌಶಿನೂ ಬಿಟ್ಟಿಲ್ಲ.

ಸ್ವಲ್ಪ ಹೊತ್ತು ಕಂಪ್ಯೂಟರ್ ಬಿಟ್ಟು ಹೊರಗ ತುಳಸಿ ಕಟ್ಟಿ ಮ್ಯಾಲೆ ಕೂತಿದ್ದೆ. ಆಮ್ಯಾಲೆ ಬಂದು ಕೂಡಸಲಿಕ್ಕೆ ಹಚ್ಚಿದ್ರ ಆ ಸಾಲಿನಾಗ ಮೆಲ್ಡ್ ನಿಂತುಬಿಡ್ತು. ಅಣ್ಣನ ಮಗಳು ವಾಕ್ಯ ತಗೀರಿ ಅಂತಾಳ, ಮೌಶಿ ಅದೇ ವಾಕ್ಯಕ್ಕ ಉತ್ತರಾ ಬರದಾರ. ವಾಕ್ಯ ತಗದ್ರ ಮೌಶಿ ಮಾತು ಗಾಳಿಯೊಳಗ ನಿಂತಂಗ, ಯಾವ ಮಾತಿಗೆ ಉತ್ತರಾ ಅಂತ ಯಾರಿಗೂ ತಿಳಿಯೂದಿಲ್ಲ. ವಾಕ್ಯ ಇಟ್ರ ಹುಡುಗಿ ಮಾತು ಸುಳ್ಳಲ್ಲ, ನಾಳೆ ಓದೂ ಕೂಸು ಏನಂದೀತು?

ನಮ್ಮನಿಯವರಿಗೆ ತೋರಿಸಿದೆ. ಅವರಿಗೆ ಎಲ್ಲಾದಕ್ಕೂ ಒಂದು ದೊಡ್ಡ ಉದಾಹರಣಿ ಬೇಕು. ಪುಣೆಯ ಭಾಂಡಾರ್ಕರ್ ಸಂಸ್ಥಾದವರು ಮಹಾಭಾರತದ ಪರಿಷ್ಕರಣಿ ಮಾಡಿದ್ದು ಹೇಳಿದ್ರು. 1919ರಾಗ ಹಿಡದು 1966ಕ್ಕ ಮುಗಿಸಿದ್ರಂತ, ಸಾವಿರಕ್ಕೂ ಮ್ಯಾಲೆ ಹಸ್ತಪ್ರತಿ ಕೂಡಿಸಿ ಹೋಲಿಸಿ. ಮೂಲ ಅಂತ ಒಪ್ಪಿದ್ದನ್ನ ಮ್ಯಾಲೆ ಇಟ್ಟು, ಉಳದ ಪಾಠಾಂತರ ಒಂದನ್ನೂ ಒಗೀದೆ ಪುಟದ ಬುಡಕ್ಕ ಸಣ್ಣ ಅಕ್ಷರದಾಗ ಕೊಟ್ಟಾರಂತ. "ನೀನೂ ಹಂಗ ಮಾಡು" ಅಂದ್ರು. ನಲವತ್ತೇಳು ವರ್ಷ! ನಂದು ಎರಡ ವರ್ಷಕ್ಕ ನಗ್ತೀರಿ ನೀವು. ಮಾತು ಛಂದ ಇತ್ತು, ಆದ್ರ ಮೌಶಿ ಮಾತನ್ನ ಮತ್ತ ಪುಟದ ಬುಡಕ್ಕ, ಸಣ್ಣ ಅಕ್ಷರದಾಗ ಕೂಡಸಲಿಕ್ಕೆ ನನಗ ಮನಸ್ಸಾಗಲಿಲ್ಲ. ಅವರು ಹಿತ್ತಲದಾಗ ಕೂತಿದ್ದು ಸಾಕು.

ಅಣ್ಣನ ಮಗಳಿಗೆ ಫೋನ್ ಹಚ್ಚಿ ಓದಿ ಹೇಳಿದೆ. ಅಲ್ಲಿ ರಾತ್ರಿ. ಸ್ವಲ್ಪ ಹೊತ್ತು ಮಾತಿಲ್ಲ. "ಆದರೂ ಅತ್ತೀ, ಅಜ್ಜಿ ಬರದ ವಾಕ್ಯ ಓದಿದ್ರ ಸಂಕಟ ಆಗ್ತದ" ಅಂದ್ಲು. ಆಗೂದು ಖರೇ. ಮೌಶಿಗೇ ಕೇಳ್ತೀನಿ ಅಂದೆ.

ಮೌಶಿಗೆ ಕಿವಿನೂ ಸ್ವಲ್ಪ ಮಂದ, ಫೋನಿನಾಗ ಒದರಿ ಹೇಳಬೇಕು, ಇಂಥಾ ಮಾತು ಒದರೂ ಮಾತಲ್ಲ. ಗದಗಿಗೆ ಹೋಗಿಬಂದೆ. ಹುಡುಗಿ ವಾಕ್ಯ ತಗೀರಿ ಅಂತಾಳ ಮೌಶಿ ಅಂದೆ. "ತಗದ್ರ ನಿಮ್ಮವ್ವ ಕದಾ ಯಾಕ ಹಾಕಿದ್ಲು ಅಂತ ಯಾರಿಗೆ ತಿಳೀಬೇಕವಾ?" ಅಂದ್ರು. ಆಮ್ಯಾಲೆ, "ಆಕಿ ಬರದದ್ದೂ ಇರಲಿ, ಮಾಡಿದ್ದೂ ಇರಲಿ. ಆಕಿಗೆ ಬರೇ ಬರದದ್ದರ ಮ್ಯಾಲೆ ಹೆಸರು ಹಚ್ಚಬ್ಯಾಡ್ರಿ." ಇಷ್ಟ ಹೇಳಿ ಚಹಾ ಕುಡಿ ಅಂದ್ರು. ಮಗಳ ಮದುವಿಗೆ ಅರಿಶಿಣ ಕುಟ್ಟಲಿಕ್ಕೆ ಪಡಸಾಲಿಗೆ ಬರಬೇಕು, ಕದಾ ತಗದಿರ್ತದ ಅಂದೆ. "ಒನಕಿ ಎತ್ತೂ ಶಕ್ತಿ ಎಲ್ಲದ ನನಗ? ಕೈ ಹಚ್ತೀನಿ, ಎತ್ತವರು ನೀವು ಎತ್ರಿ" ಅಂದ್ರು.

ವೈನಿಗೆ ಹೇಳೂದು ಉಳದಿತ್ತು. ಅವರ ಒಂಬತ್ತು ಮಂದಿ ಅನ್ನೂ ತಿದ್ದುಪಡಿನೂ ಅದೇ ಜಾಗಾದಾಗ ಇತ್ತಲ್ಲಾ. ಐದು, ಒಂಬತ್ತು ಎರಡೂ ನಡೀತದ, ಸೇರಿಸ್ತೀನಿ ಅಂದು, ಮೌಶಿ ಬರದದ್ದು ಓದಿದೆ. ನನ್ನ ಮದುವಿಯೊಳಗ ಕುಟ್ಟಿದ ಐದು ಮಂದಿಯೊಳಗ ವೈನಿ ಒಬ್ಬರು. ಅವರು ಪದ್ಧತಿ ಬಿಡೂ ಪೈಕಿ ಅಲ್ಲ, ಏನಂತಾರೋ ಅಂತ ನಾ ಅಂಜಿದ್ದೆ. "ಕದಾ ಹಾಕಿದ್ದು ನಾ ನೋಡೀನಿ. ಒನಕಿ ಸಪ್ಪಳಾನೂ ಕೇಳೀನಿ. ಅತ್ತಿ ಕೂಡ ಒಂದು ಮಾತು ಆಡಲಿಲ್ಲ" ಅಂದ್ರು. ಯಾಕ ಆಡಲಿಲ್ಲಂತ ನಾ ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ಆ ಪುಟ ಹಿಂಗದ. ಅವ್ವನ ಎರಡು ವಾಕ್ಯ, ಮೊದಲನೇದರಾಗ ವೈನಿ ಒಂಬತ್ತು ಸೇರ್ಯದ. ಅದರ ಕೆಳಗ, ಅಷ್ಟೇ ದೊಡ್ಡ ಅಕ್ಷರದಾಗ, ಮೌಶಿ ಮಾತು ಅವರ ಹೆಸರಿನ ಸುದ್ದಾ. ಅದರ ಕೆಳಗ ಅಣ್ಣನ ಮಗಳು ತನ್ನದೂ ಒಂದು ಸಾಲು ಬರದು ಕೊಟ್ಟಾಳ, ತಾ ಇದನ್ನ ತಗೀರಿ ಅಂದಿದ್ದೆ, ಮೌಶಿ ಅಜ್ಜಿ ಮಾತು ಓದಿ ಇರಲಿ ಅಂದೆ ಅಂತ. ಅಕಿನೂ ಇರಲಿ. ನಾ ಮಾತ್ರ ಏನೂ ಸೇರಿಸಿಲ್ಲ.

ಇಪ್ಪತ್ತಮೂರರಾಗ ಇಪ್ಪತ್ತೆರಡು ಹಿಂಗ ಒಂದೊಂದಾಗಿ ಮುಗದಾವ. ಹುಬ್ಬಳ್ಳಿ ಪ್ರೆಸ್ಸಿನವರು ದೀಪಾವಳಿ ಆದಮ್ಯಾಲೆ ಕೊಡ್ರಿ ಅಂದಾರ. ಇನ್ನೂ ಯಾರಾದ್ರೂ ತಿದ್ದೂದಿದ್ರ ಹಳೇ ಪ್ರಿಂಟಿನ ಮ್ಯಾಲೆ ತಿದ್ದಿ ಕಳಸ್ರಿ, ವಾಟ್ಸಾಪಿನಾಗ ಬಿಡಿ ಬಿಡಿ ಕಳಸಬ್ಯಾಡ್ರಿ, ಯಾವ ಅಡಗಿ ಯಾವ ಸಾಲು ಅಂತ ಹುಡುಕಿ ನನ್ನ ಕಣ್ಣು ಹೋಗ್ಯಾವ. ಧ್ವನಿ ಮೆಸೇಜು ಅಂತೂ ಬ್ಯಾಡೇ ಬ್ಯಾಡ. ವೈನೀ, ಇದು ನಿಮಗ.

ಉಳದ ಒಂದು ಯಾವುದಂದ್ರ ಶೇಂಗಾ ಹೋಳಗಿ. ಶೇಂಗಾದಷ್ಟ ಬೆಲ್ಲ ಅಂತ ವೈನಿ, ಮುಕ್ಕಾಲು ಸಾಕು, ಇಲ್ಲಂದ್ರ ಲಟ್ಟಿಸೂ ಮುಂದ ಒಡದು ಹೊರಗ ಬರ್ತದ ಅಂತ ಮೌಶಿ. ಅವ್ವ ಅಲ್ಲಿ ಬೆಲ್ಲದ ಲೆಕ್ಕಾನ ಬರದಿಲ್ಲ. ಕಡತದಾಗ ಏಳೇಳು ಬಾಣ ಇನ್ನೂ ಹಂಗೇ ನಿಂತಾವ. ಪ್ರೆಸ್ಸಿಗೆ ಕೊಡೂ ಮೊದಲ ಎರಡೂ ತರಾ ಮಾಡಿ ನೋಡಬೇಕು, ಬರೂ ಐತವಾರ ಮುಂಜಾನೆ. ಓಣಿಯವರು ಬರ್ರಿ, ತಿಂದು ಹೇಳಲಿಕ್ಕೆ ಮಂದಿ ಬೇಕು.